ಬಣ್ಣದ ಕೈ, ಒಂದೇ ಗೆರೆ

೧

ಈ ಕಥೆಯನ್ನು ಬೆರಳಿನಿಂದ ಶುರು ಮಾಡಲೋ, ಉಸಿರಿನಿಂದಲೋ? ಬೆರಳಾದರೆ ಕಣ್ಣಿಗೆ ಕಾಣುತ್ತದೆ, ಅದಕ್ಕೆ ಬಣ್ಣವೂ ಇದೆ, ನನ್ನಂಥವನಿಗೆ ಅದೇ ಸುಲಭ. ಉಸಿರು ಹಾಗಲ್ಲ, ಎಣಿಸಬೇಕು. ಎಣಿಸುವುದು ನನಗೆ ಬರುವುದಿಲ್ಲ, ಕಾವೇರಿಯವರಿಗೆ ಬರುತ್ತದೆ. ಅವರು ಗದಗಿನ ಒಂದು ಆಸ್ಪತ್ರೆಯಲ್ಲಿ ಹನ್ನೆರಡು ವರ್ಷದಿಂದ ನರ್ಸು. ಮುಳಗುಂದದಿಂದ ದಿನಾ ಬಸ್ಸಿನಲ್ಲಿ ಬರುತ್ತಾರೆ. (ಆಸ್ಪತ್ರೆಯ ಹೆಸರು ಕೇಳಬೇಡಿ. ಅದನ್ನು ಕಟ್ಟಿಸಿದವನು ನಾನೇ, ಮೊನ್ನೆ ಮಂಗಳವಾರ.)

ನಾನು ಓದಿಕೊಂಡು ಬೆಳೆದ ಅನುವಾದಿತ ಕಾದಂಬರಿಗಳಲ್ಲಿ ಆಸ್ಪತ್ರೆಯ ಕಿಟಕಿಯ ಹೊರಗೆ ಸದಾ ಹಿಮ ಬೀಳುತ್ತಿರುತ್ತದೆ. ನಾನೂ ಮೊದಲ ವಾಕ್ಯದಲ್ಲೇ ಹಿಮ ಬೀಳಿಸಿದ್ದೆ. ಗದಗಿನಲ್ಲಿ! ಕಾವೇರಿ ಅದನ್ನು ಓದಿ, "ತಮ್ಮಾ, ಹೊರಗ ಬಿಸಲು ಉರ್ಯಾಕತ್ತೈತಿ. ಮೊದಲ ಆ ಪರದೆ ಎಳಿ" ಅಂದರು.

ಎಳೆದೆ. ಕಥೆ ಅಲ್ಲಿಂದ ಶುರುವಾಯಿತು ಅಂದುಕೊಳ್ಳಿ.

೨

ಮೊದಲ ಡ್ರಾಫ್ಟಿನಲ್ಲಿ ಮಲಗಿದ್ದವಳು ಸ್ನೇಹಾ. ಆರು ವರ್ಷ, ಊರು ಅಂತೂರ ಬೆಂತೂರ, ನ್ಯುಮೋನಿಯಾ. ಮಕ್ಕಳ ವಾರ್ಡಿನ ಮೂರನೆಯ ಹಾಸಿಗೆ. ಬೆರಳಿಗೆ ಮಕ್ಕಳ ಪುಟ್ಟ ಕ್ಲಿಪ್ಪು, ಅದರೊಳಗೆ ಕೆಂಪು ದೀಪ. ರಕ್ತದಲ್ಲಿ ಆಕ್ಸಿಜನ್ ನೂರಕ್ಕೆ ಎಷ್ಟಿದೆ ಎಂದು ತೋರಿಸುವ ಯಂತ್ರ ಅದು. ನಾನು ಅವಳ ಕೈಗೆ ಒಂದು ಕಣ್ಣಿಲ್ಲದ ಗೊಂಬೆ ಕೊಟ್ಟೆ. ಹೊರಗೆ ಬೆಂಚಿನ ಮೇಲೆ ಅಳುವ ಅಜ್ಜಿಯನ್ನು ಕೂರಿಸಿದೆ. ಆಮೇಲೆ ಅಂಕಿಯನ್ನು ನಿಧಾನವಾಗಿ ಇಳಿಸತೊಡಗಿದೆ: ತೊಂಬತ್ತಾರು, ತೊಂಬತ್ತಮೂರು, ತೊಂಬತ್ತೊಂದು...

"ಯಾಕ ಇಳಸ್ತಿ?" ಕಾವೇರಿ ಕೇಳಿದರು.

"ಕಥೆಗೆ ಬೇಕು, ಅಕ್ಕಾರ."

"ಕೂಸಿಗೆ ಔಷಧ ಹತ್ತೈತಿ. ನಿನ್ನೆಕಿಂತ ಉಸರು ಸುಧಾರಿಸೈತಿ. ಮುಂಜಾನೆ ಇಡ್ಲಿ ಕೇಳ್ಯಾಳ. ಇಡ್ಲಿ ಕೇಳೂ ಕೂಸಿನ ಅಂಕಿ ನೀ ಹೆಂಗ ಇಳಸ್ತಿ? ಓದೋರ ಕಣ್ಣಾಗ ನೀರ ತರಸಾಕೇನು?"

ನನಗೆ ನಾಚಿಕೆಯಾಯಿತು. (ಸುಳ್ಳು. ಸಿಟ್ಟು ಬಂತು. ನಾಚಿಕೆ ಊಟವಾದ ಮೇಲೆ ಬಂತು.) 'ಸ್ನೇಹಾ ಕಣ್ಣು ಮುಚ್ಚಿ' ಎಂಬಲ್ಲಿಗೆ ವಾಕ್ಯವನ್ನು ಅರ್ಧಕ್ಕೇ ಬಿಟ್ಟು, ಹಾಳೆ ಮುದುಡಿ ಮೂಲೆಗೆ ಎಸೆದೆ.

೨, ಮತ್ತೊಮ್ಮೆ

ಎರಡನೆಯ ಡ್ರಾಫ್ಟಿಗೆ ದೊಡ್ಡವರನ್ನೇ ಕರೆದೆ. ಹುಚ್ಚೀರಪ್ಪ, ಐವತ್ತೆಂಟು ವರ್ಷ, ಬೆಟಗೇರಿಯಲ್ಲಿ ಸೀರೆಯ ನೂಲಿಗೆ ಬಣ್ಣ ಹಾಕುವವರು. ಹರ್ನಿಯಾ ಆಪರೇಶನ್ ಆಗಿ ಇದು ಮೂರನೆಯ ದಿನ. ಅವರ ಹತ್ತೂ ಬೆರಳು ಉಗುರಿನ ಬುಡದವರೆಗೆ ಕಡುನೀಲಿ. ನಲವತ್ತು ವರ್ಷದ ಬಣ್ಣ ಅದು, ಆಪರೇಶನ್ನಿಗೆ ಮುಂಚೆ ಸ್ಪಿರಿಟ್ ಹಚ್ಚಿ ತಿಕ್ಕಿದರೂ ಹೋಗಿರಲಿಲ್ಲ.

ಈ ವಾರ್ಡಿನಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿಯೊಂದಿದೆ. ಬೆಟಗೇರಿಯ ಬಣ್ಣದ ಕೈಗೆ ಕ್ಲಿಪ್ಪು ಹಾಕಿದರೆ ಯಂತ್ರ ಮೋಸಹೋಗುತ್ತದೆ. ದೀಪದ ಬೆಳಕು ನೀಲಿ ಉಗುರಿನಲ್ಲಿ ಸಿಕ್ಕಿಕೊಂಡು, ಅಂಕಿ ಇರುವುದಕ್ಕಿಂತ ಕಡಿಮೆ ಬರುತ್ತದೆ. ಹೊಸ ನರ್ಸುಗಳು ಗಾಬರಿಯಾಗಿ ಓಡುತ್ತಾರೆ, ಹಳಬರು ನಗುತ್ತಾರೆ. ಕಾವೇರಿ ಹಳಬರು.

ಬೆಳಿಗ್ಗೆ ಹತ್ತಕ್ಕೆ ಅಂಕಿ ಎಂಬತ್ತಾರು ಬಂತು. (ತೊಂಬತ್ತೈದರ ಆಚೀಚೆ ಇರಬೇಕಾದದ್ದು.)

"ಯಜಮಾನ್ರ, ನಿಮ್ಮ ಕೈ ನಮ್ಮ ಮಷೀನ್ ಕೆಡಸ್ತು ನೋಡ್ರಿ."

"ಅದಕ್ಕೂ... ಒಂದ ಸೀರಿ ಬೇಕಂತ, ತಂಗಿ."

ಪಕ್ಕದಲ್ಲಿ ಕೂತಿದ್ದ ಹೆಂಡತಿ ಬಸವಣ್ಣೆವ್ವ ಬಿಡಲಿಲ್ಲ. "ಮದವಿ ದಿವಸಾನೂ ಈ ಕೈ ಹಿಂಗ ಇದ್ವು ಯವ್ವಾ. ತಾಳಿ ಕಟ್ಟೂ ಮುಂದ ನನ್ನ ಕುತಗಿಗೆ ನೀಲಿ ಹತ್ತಿಸಿದ್ರು. ಮಂದಿ ಎಲ್ಲಾ ನಕ್ಕಿತು."

ವಾರ್ಡೂ ನಕ್ಕಿತು. ಕಾವೇರಿ ನಗುತ್ತಲೇ ಚಾರ್ಟಿನಲ್ಲಿ ಬರೆದರು: '೮೬. ಬಣ್ಣದ ಕೈ.' ಸಹಿ ಹಾಕಿದರು.

೩

ನನ್ನ ಯೋಜನೆ ಇಲ್ಲೇ ಮುಗಿಸುವುದಾಗಿತ್ತು. ಯಂತ್ರವನ್ನು ಸೋಲಿಸಿದ ದುಡಿಮೆಯ ಕೈ! ದೇಹ, ಶ್ರಮ, ತಂತ್ರಜ್ಞಾನ: ಒಂದು ಸೆಮಿನಾರಿಗೆ ಸಾಕಾಗುವಷ್ಟು ಅರ್ಥ. ಕೊನೆಯ ವಾಕ್ಯವನ್ನೂ ಬರೆದಿಟ್ಟುಕೊಂಡಿದ್ದೆ. ಅಷ್ಟರಲ್ಲಿ ಹನ್ನೊಂದು ಗಂಟೆಗೆ ಬಸವಣ್ಣೆವ್ವ, ನಾನು ಕರೆಯದೆಯೇ, ನರ್ಸುಗಳ ಟೇಬಲ್ಲಿನ ಮುಂದೆ ಬಂದು ನಿಂತರು.

"ತಂಗಿ, ಇವ್ರು ತಿರಗಿ ಬೈವಲ್ರು."

"ಅಂದ್ರ?"

"ಎದ್ದು ನಾಕ ಹೆಜ್ಜಿ ಅಡ್ಡಾಡ್ರಿ ಅಂತ ನೀ ಹೇಳಿದ್ದಿ. ಮೂರ ದಿನಾ ಆತು, ಏಳವಲ್ರು. ಅದಕ್ಕ ಮುಂಜಾನಿಂದ ಮೂರ ಸಲ ಬೈದೆ. ನಾ ಒಂದ ಅಂದ್ರ ಹತ್ತ ಅನ್ನೂ ಮನಶಾ. ಈಗ ಸುಮ್ಮನ ನನ್ನ ಮಾರಿ ನೋಡ್ತಾರ. ನನಗ ಅಂಜಿಕಿ ಬಂತವ್ವಾ."

ಕಾವೇರಿ ಪೆನ್ನು ಕೆಳಗಿಟ್ಟು ಎದ್ದರು. ಹೋಗಿ ಹುಚ್ಚೀರಪ್ಪನವರ ಮಣಿಕಟ್ಟು ಹಿಡಿದರು, ನಾಡಿ ನೋಡುವವರ ಹಾಗೆ. ಅದು ನರ್ಸುಗಳ ಉಪಾಯ. ಉಸಿರು ಎಣಿಸುತ್ತೇನೆ ಎಂದರೆ ಮನುಷ್ಯ ಉಸಿರನ್ನು ಸರಿಮಾಡಿಕೊಳ್ಳುತ್ತಾನೆ. ಅದಕ್ಕೆ ಕೈಯಲ್ಲಿ ಕೈ, ಕಣ್ಣು ಮಾತ್ರ ಎದೆಯ ಮೇಲೆ. ಪೂರಾ ಒಂದು ನಿಮಿಷ.

"ಮೂವತ್ತು," ಅಂದರು.

"ನಾನು ಎಲ್ಲರಿಗಿರುವ ಹಾಗೆ ಹದಿನೆಂಟು ಅಂತ ಬರೆದಿದ್ದೇನಲ್ಲ?"

"ನೀ ಬೇಕಾದ್ದ ಬರಿ. ಎದಿ ಮೂವತ್ತ ಸಲ ಏರೈತಿ."

೪

ಈಗ ಕಾವೇರಿಯವರ ತಲೆಯೊಳಗೆ ಹೋಗಬೇಕು. ಅಲ್ಲೊಂದು ಪ್ರಜ್ಞಾಪ್ರವಾಹ ಹರಿಸುವ ಆಸೆ ನನಗೆ. ಹೋಗಿ ನೋಡಿದರೆ ಪ್ರವಾಹವೇ ಇಲ್ಲ, ಬರೀ ಪ್ರಶ್ನೆಗಳು ಸರತಿಯಲ್ಲಿ ನಿಂತಿವೆ.

ಬಣ್ಣ ಅಂಕಿಯನ್ನು ಇಳಿಸಬಲ್ಲದು. ಉಸಿರನ್ನು ಏರಿಸಬಲ್ಲದೇ? ಇಲ್ಲ.

ಹಾಗಾದರೆ ಹೊಲಿಗೆಯ ನೋವೇ? ಕೇಳಿದರು. ಹುಚ್ಚೀರಪ್ಪ ಅಷ್ಟೇನಿಲ್ಲ ಎಂದು ತಲೆಯಾಡಿಸಿದರು.

ಜ್ವರವೇ? ಮೈ ತಣ್ಣಗಿತ್ತು, ಹಣೆಯಲ್ಲಿ ಬೆವರು.

ಮೂರು ದಿನ ನೆಲ ಮುಟ್ಟದ ಕಾಲು? ಕಾವೇರಿ ಹೊದಿಕೆ ಸರಿಸಿದರು. ಬಲಗಾಲಿನ ಮೀನಖಂಡ ಎಡಗಾಲಿನದಕ್ಕಿಂತ ದಪ್ಪವಾಗಿ ಬಿಗಿದಿತ್ತು. ಒತ್ತಿದಾಗ ಹುಚ್ಚೀರಪ್ಪ ಮುಖ ಹಿಂಡಿದರು.

ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ, ಅದರ ಚೂರೊಂದು ಹರಿದು ಶ್ವಾಸಕೋಶದಲ್ಲಿ ಸಿಕ್ಕಿಕೊಂಡಿದ್ದರೆ ಒಂದು ಗಳಿಗೆಯೂ ಕಾಯುವ ಹಾಗಿಲ್ಲ. ಕಾವೇರಿ ಮಂಚದ ತಲೆಭಾಗ ಎತ್ತಿದರು, ಮಾಸ್ಕ್ ಹಾಕಿ ಆಕ್ಸಿಜನ್ ಬಿಟ್ಟರು. ಇನ್ನು ಡಾಕ್ಟರು ಬರಬೇಕು. ಆದರೆ ಬೆರಳಿನ ಅಂಕಿಯನ್ನು ಯಾರು ನಂಬುತ್ತಾರೆ? ನಂಬಬೇಡಿ ಎಂದು ಚಾರ್ಟಿನಲ್ಲಿ ಬರೆದವರು ಅವರೇ.

ಬಣ್ಣ ತಾಗದ ಜಾಗ ಬೇಕು. ಕಿವಿಯ ಹಾಲೆ. ದೊಡ್ಡವರ ಕ್ಲಿಪ್ಪು ಅಲ್ಲಿ ನಿಲ್ಲದೆ ಜಾರಿತು. ಮಕ್ಕಳದು ಪುಟ್ಟದು, ನಿಲ್ಲುತ್ತದೆ.

"ಆ ಸಣ್ಣ ಕ್ಲಿಪ್ ಎಲ್ಲಿ ಒಗದಿ?" ಎಂದು ನನ್ನನ್ನು ಕೇಳಿದರು.

ನಾನು ಮೂಲೆಯ ಕಡೆ ನೋಡಿದೆ.

೨, ಮುದುಡಿದ ಹಾಳೆಯೊಳಗೆ

ಸ್ನೇಹಾಳನ್ನು ನಾನು ಕಣ್ಣು ಮುಚ್ಚಿಸಿ ಬಿಟ್ಟುಬಂದಿದ್ದೆ. ಅವಳು ತಾನೇ ತೆರೆದುಕೊಂಡಿದ್ದಳು. ಕಾವೇರಿ ಅವಳ ಬೆರಳಿನ ಕ್ಲಿಪ್ಪು ಬಿಚ್ಚಿಕೊಂಡರು.

"ಆಂಟಿ, ನನ್ನ ಕೆಂಪ ದೀಪಾ ಎಲ್ಲಿ ಒಯ್ತಿ?"

"ಒಬ್ಬ ಅಜ್ಜಗ ಬೇಕಾಗೈತಿ, ಪುಟ್ಟಿ. ಹೊಳ್ಳಿ ತಂದ ಕೊಡ್ತೇನಿ."

"ಖರೇನ?"

"ಖರೇನ."

"ಇವಗ ಹೇಳಿ ಹೋಗ," ಎಂದು ನನ್ನ ಕಡೆ ಗೊಂಬೆಯ ಕೈ ತೋರಿಸಿದಳು. "ಇಂವ ನನ್ನ ನಂಬರ ಇಳಸ್ತಾನ."

೫

ಕಿವಿಯಲ್ಲಿ ಎಂಬತ್ತೆಂಟು. ಅದೂ ಮಾಸ್ಕಿನಿಂದ ಆಕ್ಸಿಜನ್ ಸಿಗುತ್ತಿರುವಾಗ. ಬೆಳಿಗ್ಗೆ ಬೆರಳು ಸುಳ್ಳು ಹೇಳಿರಲಿಲ್ಲ.

ಕಾವೇರಿ ಫೋನ್ ಮಾಡಿದರು. ಆ ಕಡೆ ಡಾಕ್ಟರ್ ಸಿದ್ದಾರೂಢ, ಹೊರರೋಗಿಗಳ ನಡುವೆ.

"ಹುಚ್ಚೀರಪ್ಪರ? ಅವರ್ದು ಬಣ್ಣದ ಕೈ ಅಂತ ನೀವ ಬರದೀರಲ್ಲ, ಸಿಸ್ಟರ್. ನಾ ರೌಂಡ್ಸಿನ್ಯಾಗ ನೋಡೇನಿ."

(ಇಲ್ಲಿ ನಾನು ಕಾವೇರಿಯವರಿಗೆ ಒಂದು ದಾರಿ ಮಾಡಿಕೊಟ್ಟೆ: 'ಹೌದಾ? ಬೇರೆ ಯಾರೋ ಬರೆದಿರಬೇಕು.' ಅವರು ಅದನ್ನು ಮುಟ್ಟಲಿಲ್ಲ.)

"ಹೌದ್ರಿ ಸರ್, ನಾನ ಬರದೇನಿ. ತಪ್ಪ ಬರದೇನಿ. ಉಸರು ಮೂವತ್ತು. ಆಕ್ಸಿಜನ್ ಹಚ್ಚೇನಿ, ಆದ್ರೂ ಕಿವ್ಯಾಗ ಎಂಬತ್ತೆಂಟು. ಬಲಗಾಲ ಮೀನಖಂಡ ಬಾತೈತಿ. ನೀವು ಈಗ ಬರಬೇಕ್ರಿ."

ಫೋನಿನಲ್ಲಿ ಕುರ್ಚಿ ಹಿಂದೆ ಸರಿದ ಸದ್ದು.

೬

ಡಾಕ್ಟರು ಬರುವ ಆ ಮೂರು ನಿಮಿಷದಲ್ಲಿ ಕಾವೇರಿಯವರ ಮುಖ ನೋಡಿದೆ. ಹತ್ತರಿಂದ ಹನ್ನೊಂದು. ಆ ಒಂದು ಗಂಟೆ ಅವರ ಮುಖದ ಮೇಲೆ ಕೂತಿತ್ತು.

"ಅಕ್ಕಾರ," ಅಂದೆ, "ಹತ್ತು ಗಂಟೆಯ ಆ ಸಾಲನ್ನು ತೆಗೆದುಬಿಡುತ್ತೇನೆ. ಬರೆದವನು ನಾನು. ನೀವು ಆಗಲೇ ಅನುಮಾನಪಟ್ಟಿರಿ ಎಂದು ತಿದ್ದುತ್ತೇನೆ. ಓದುಗರಿಗೆ ಗೊತ್ತಾಗುವುದಿಲ್ಲ."

(ನಿಮಗೆ ಗೊತ್ತಾಗುತ್ತಿರಲಿಲ್ಲ, ಒಪ್ಪಿಕೊಳ್ಳಿ.)

ಅವರು ಚಾರ್ಟು ತೆಗೆದುಕೊಂಡು '೮೬. ಬಣ್ಣದ ಕೈ' ಎಂಬುದರಲ್ಲಿ 'ಬಣ್ಣದ ಕೈ' ಮೇಲೆ ಒಂದೇ ಒಂದು ಗೆರೆ ಎಳೆದರು, ಕೆಳಗಿನ ಅಕ್ಷರ ಸ್ಪಷ್ಟವಾಗಿ ಓದಲು ಬರುವಂತೆ. ಪಕ್ಕದಲ್ಲಿ 'ತಪ್ಪು ನಮೂದು' ಎಂದು ಬರೆದು, ಹೊತ್ತು ಹಾಕಿ, ಸಹಿ ಮಾಡಿದರು.

"ನಮ್ಮಲ್ಲೆ ಅಳಿಸಾಂಗಿಲ್ಲ, ತಮ್ಮಾ. ವೈಟ್ನರ್ ಹಚ್ಚಾಂಗಿಲ್ಲ, ಹಾಳಿ ಹರ್ಯಾಂಗಿಲ್ಲ. ನಾ ಏನ ತಿಳಕೊಂಡಿದ್ದೆ ಅನ್ನೂದು ಮುಂದ ಬರೂ ನರ್ಸಿಗೆ ಕಾಣಬೇಕು. ಇಲ್ಲಂದ್ರ ಆಕಿನೂ ಬಣ್ಣಾ ನೋಡಿ ನಗತಾಳ."

ನನ್ನ ಕೋಣೆಯ ಮೂಲೆಯಲ್ಲಿ ಆಗಲೇ ಮುದುಡಿ ಎಸೆದ ಹಾಳೆಗಳ ಹನ್ನೊಂದು ಉಂಡೆಗಳಿದ್ದವು.

೭

ಅಂತ್ಯ ಒಂದು: ಸ್ಕ್ಯಾನಿನಲ್ಲಿ ಹೆಪ್ಪು ಸಿಗುತ್ತದೆ, ಔಷಧ ಕೆಲಸ ಮಾಡುತ್ತದೆ, ಹತ್ತು ದಿನಕ್ಕೆ ಹುಚ್ಚೀರಪ್ಪ ಬೆಟಗೇರಿಗೆ.

ಅಂತ್ಯ ಎರಡು: ಆ ಒಂದು ಗಂಟೆ ದೊಡ್ಡದಾಗಿತ್ತು.

ಡಾಕ್ಟರು ಬಂದು ನೋಡಿದವರೇ ಸ್ಕ್ಯಾನಿಗೆ ಕಳಿಸಿದರು. ಎರಡೂ ಅಂತ್ಯಗಳನ್ನು ಹಿಡಿದುಕೊಂಡು ಸ್ಟ್ರೆಚರಿನ ಜೊತೆ ಓಡಿದೆ. ಎರಡನೆಯದಕ್ಕೆ ಸಾಹಿತ್ಯಿಕ ತೂಕ ಜಾಸ್ತಿ ಎಂದು ಅನ್ನಿಸಿದ್ದು ನಿಜ. (ಈ ವಾಕ್ಯವನ್ನು ಅಳಿಸಬೇಕೆಂದಿದ್ದೆ. ಅಳಿಸುವುದಿಲ್ಲ.) ಹುಚ್ಚೀರಪ್ಪ ನೀಲಿ ಬೆರಳಿನಿಂದ ನನ್ನ ಅಂಗಿ ಹಿಡಿದು, ಮಾಸ್ಕಿನೊಳಗಿಂದ ಅಂದರು:

"ಹುಡುಗಾ... ಈಗ ಮುಗಸಬ್ಯಾಡ."

"ಯಾಕ್ರಿ?"

"ಆಕಿಗೆ... ಮೂರ ಬೈಗಳಾ... ತಿರಗಿ ಕೊಡೂದೈತಿ."

ಹಿಂದೆ ಓಡಿಬರುತ್ತಿದ್ದ ಬಸವಣ್ಣೆವ್ವ, "ಮೂರಲ್ಲ, ನಾಕ! ಈಗಿಂದೂ ಹಿಡೀರಿ!" ಎಂದು ಕೂಗಿ, ಸೆರಗು ಬಾಯಿಗೆ ಒತ್ತಿಕೊಂಡರು. ಸ್ಕ್ಯಾನ್ ಕೋಣೆಯ ಬಾಗಿಲು ಮುಚ್ಚಿತು. ಒಳಗೆ ಡಾಕ್ಟರಿದ್ದರು, ಆ ಕೋಣೆಯದೇ ಯಂತ್ರಗಳಿದ್ದವು, ಪುಟ್ಟ ಕ್ಲಿಪ್ಪಿನ ಅಗತ್ಯ ಮುಗಿದಿತ್ತು. ನನಗೆ ಪ್ರವೇಶವಿರಲಿಲ್ಲ. ಒಳಗೆ ಏನಾಯಿತು ಎಂದು ಕೇಳಬೇಡಿ. ನಾನೂ ಬಸವಣ್ಣೆವ್ವನ ಜೊತೆ ಬೆಂಚಿನ ಮೇಲೆ ಕೂತಿದ್ದೇನೆ.

೨

ಕಾವೇರಿ ನನ್ನ ಭುಜ ತಟ್ಟಿದರು. ಅವರ ಅಂಗೈಯಲ್ಲಿ ಆ ಪುಟ್ಟ ಕ್ಲಿಪ್ಪು. "ಏಳ. ಕೂಸಿಗೆ ಮಾತ ಕೊಟ್ಟೇನಿ."

ಮೂಲೆಯಿಂದ ಸ್ನೇಹಾಳ ಉಂಡೆ ಹುಡುಕಿ ಬಿಚ್ಚಿ, ಮೊಣಕಾಲ ಮೇಲಿಟ್ಟು ತೀಡಿದೆ. ಸುಕ್ಕು ಹೋಗಲಿಲ್ಲ. 'ಕಣ್ಣು ಮುಚ್ಚಿ' ಎಂಬುದರ ಮೇಲೆ ಒಂದೇ ಗೆರೆ ಎಳೆದೆ. ಇಳಿಸಿದ ಅಂಕಿಗಳ ಮೇಲೂ. ಪಕ್ಕದಲ್ಲಿ 'ತಪ್ಪು ನಮೂದು' ಎಂದು ಬರೆದೆ. ಕಾವೇರಿ ನಿಂತೇ ಇದ್ದರು. ಸಹಿಯನ್ನೂ ಹಾಕಿದೆ.

"ತಂದ್ಯಾ?" ಎಂದಳು ಸ್ನೇಹಾ. ತಾನೇ ಬೆರಳು ಚಾಚಿದಳು. ಕ್ಲಿಪ್ಪಿನೊಳಗೆ ಉಗುರು ಕೆಂಪಾಗಿ ಬೆಳಗಿತು. ಯಂತ್ರ ಹುಡುಕುತ್ತಿದೆ. ಪರದೆಯ ಮೇಲೆ ಅಂಕಿಯಿಲ್ಲ, ಎರಡು ಅಡ್ಡಗೆರೆ ಮಾತ್ರ ಮಿನುಗುತ್ತಿವೆ.

"ನಂಬರ ಬರೂತನಕಾ ಕೈ ಅಲ್ಲಾಡಸಬ್ಯಾಡ, ಪುಟ್ಟಿ," ಎಂದರು ಕಾವೇರಿ.

ಆಮೇಲೆ ನನ್ನ ಪೆನ್ನಿನ ಕಡೆ ನೋಡಿದರು.

"ನೀನೂ."