ಕೋನಪ್ಪ ಬರೆದ ಸಿಂಹ

ಐವತ್ತೆಂಟನೆಯ ಇಸವಿ. ಮೇಲೂರಿನ ನಮ್ಮ ಹುಳುಮನೆಗೆ ನನ್ನ ಹೆಂಡತಿ ರಾಮಲಕ್ಷ್ಮಮ್ಮನೇ ಜೀವ. ಗೋಣಿತಾಟು ಇಳಿಬಿಟ್ಟ ಆ ಮಬ್ಬಿನಲ್ಲಿ ರೇಷ್ಮೆಹುಳುಗಳು ಸೊಪ್ಪು ಮೇಯುವ ಸದ್ದು ಸೋನೆಮಳೆಯ ಹಾಗೆ. ಅವಳು ಅದರೊಳಗೆ ತೇಲಿಕೊಂಡು ಓಡಾಡುತ್ತಿದ್ದಳು.

ಆ ಬೇಸಿಗೆಯಲ್ಲಿ ಅವಳ ಕೆನ್ನೆ, ಮೂಗಿನ ಮೇಲೆ ಕೆಂಪು ಹರಡಿತು, ಚಿಟ್ಟೆ ರೆಕ್ಕೆ ಬಿಚ್ಚಿದಂತೆ. ಬೆಳಗ್ಗೆ ಬೆರಳ ಗೆಣ್ಣು ಊದಿ ಚೊಂಬೂ ಹಿಡಿಯಲಾಗದು.

ನನ್ನ ತಾಯಿ ಅಕ್ಕಯ್ಯಮ್ಮ ಹುಳುಮನೆಯ ಬಾಗಿಲಿಗೆ ಅಡ್ಡ ನಿಂತಳು. "ಅಕ್ಕಿ ಎದ್ದೋಳು ಒಳಕ್ಕೆ ಬರಬಾರ್ದು ಕಣಮ್ಮ. ಹುಳಕ್ಕೆ ರೋಗ ಬಂದ್ರೆ ಬೆಳೇನೇ ಹೋಯ್ತು. ತೋಟಕ್ಕೋಗಿ ಸೊಪ್ಪು ಕೊಯ್ಯಿ."

ಅಕ್ಕಿ ಎಂದರೆ ನಮ್ಮ ಕಡೆ ಚರ್ಮದ ಮೇಲೇಳುವ ಉರಿಬೊಬ್ಬೆ.

"ಹುಳ ನನ್ ಕೈಗೇ ಒಗ್ಗೈತೆ ಅತ್ತೆ."

"ಒಗ್ಗಿದ್ದು ಸಾಕು, ನಡಿ."

ನಾನು ಬಾಯಿ ಬಿಡಲಿಲ್ಲ. ಹೇಡಿ ಅನ್ನಿ, ಒಪ್ಪುತ್ತೇನೆ.

ಬಿಸಿಲಲ್ಲಿ ಹದಿನೈದು ದಿನ ಕೊಯ್ದಳು. ಕೆಂಪು ಇಮ್ಮಡಿಯಾಯಿತು. ಅಕ್ಕಿಗೆ ಕುಂಬಾರರು ಕೆಮ್ಮಣ್ಣಲ್ಲಿ ಬರೆಯುವ ಸಿಂಹವೇ ಮದ್ದು ಎಂಬುದು ನಮ್ಮ ಕಡೆಯ ನಂಬಿಕೆ. ಕುಂಬಾರ ಕೋನಪ್ಪ ಕೆಮ್ಮಣ್ಣು ಕಲಸಿ, ಅವಳ ಮುಖದ ತುಂಬ ಸಿಂಹ ಬರೆದು, ಒಣಗಲೆಂದು ಬಿಸಿಲಿಗೆ ಕೂರಿಸಿದ. ಮೂರು ದಿನ ಹಾಗೇ. ಮಣ್ಣಿನೊಳಗಿಂದ ಅವಳ ಕಣ್ಣುಗಳು ಕೊಳದ ತಳದಿಂದ ನೋಡಿದಂತೆ ನೋಡುತ್ತಿದ್ದವು.

ನಾಲ್ಕನೆಯ ದಿನ ತೊಳೆದರೆ ಮುಖ ತಣ್ಣಗಿತ್ತು. ಮಣ್ಣಿಲ್ಲದ ಕತ್ತು, ಮುಂಗೈ ಮಾತ್ರ ಸುಟ್ಟಂತೆ ಎದ್ದಿದ್ದವು.

ಕೋನಪ್ಪ ಬಗ್ಗಿ ಅವಳ ಮುಖವನ್ನೂ ಕತ್ತನ್ನೂ ಹೋಲಿಸಿ ನೋಡಿದ. "ಅಕ್ಕಯ್ಯಮ್ಮಾ, ಇದು ಅಕ್ಕಿ ಅಲ್ಲ. ನನ್ ಸಿಂಹ ಏನೂ ಕಿಸಿದಿಲ್ಲ, ಮಣ್ಣು ನೆರಳು ಕೊಟ್ಟೈತೆ ಅಷ್ಟೇ. ಈವಮ್ಮಂಗೆ ಬಿಸಿಲೇ ಶತ್ರು. ನಾನೇ ಕೂರ್ಸಿ ತಪ್ಪು ಮಾಡ್ದೆ."

"ಅಯ್ಯೋ ದೇವುಡಾ! ಇನ್ನೆಲ್ಲಿ ಮಡಗ್ಲಿ ಇವಳ್ನ, ನಿನ್ ಮಡಕೇಲಾ?"

"ಬಿಸಿಲು ಬೀಳದ ಕೋಣೆ ನಿಮ್ಮನೇಲಿ ಯಾವ್ದೈತೆ, ನೀವೇ ಹೇಳಿ."

"ಹುಳಕ್ಕೆ ರೋಗ ಬಂದ್ರೆ?"

"ಬಂದ್ರೆ ಬರ್ಲಿ ಬಿಡಮ್ಮ" ಎಂದವನು ನಾನೇ. ಹೋಗಿ ಗೋಣಿತಾಟು ಎತ್ತಿ ಹಿಡಿದೆ.

ಅದು ಲೂಪಸ್, ಬಿಸಿಲಿಗೆ ಕೆರಳುವ ಕಾಯಿಲೆ, ಅಂಟುವ ರೋಗವಲ್ಲ ಎಂದು ಬೆಂಗಳೂರಿನ ಡಾಕ್ಟರು ಹೇಳಿದ್ದು ಹತ್ತು ವರ್ಷದ ಮೇಲೆ. ಅಷ್ಟರಲ್ಲಿ ಅವಳ ಸೊಂಟದ ಮೂಳೆ ಸವೆದು ಕೈಗೆ ಕೋಲು ಬಂದಿತ್ತು. ಅದೊಂದೂ ತಿಳಿಯದ ಆ ದಿನ ಅವಳು ಗೋಡೆ ಹಿಡಿದುಕೊಂಡು ಒಳಗೆ ಬಂದಳು, ಹುಳು ಸಾಕುವ ತಟ್ಟೆಯ ಪಕ್ಕ ಕುಳಿತು ಊದಿದ ಬೆರಳುಗಳನ್ನು ತಂಪು ಸೊಪ್ಪಿನ ಮೇಲಿಟ್ಟಳು. ಹುಳುಗಳು ಒಂದೊಂದಾಗಿ ಹತ್ತಿದವು.

"ಕಚಗುಳಿ ಆಗ್ತೈತೆ ಕಣ್ರೀ" ಎಂದಳು.