ಪ್ಯಾನ್ಸಿಗೆ ಒಂದು ಚೆಂಬು ನೀರು

ನೀರಿಲ್ಲದಿದ್ದರೂ ಪ್ಯಾನ್ಸಿ ಹೂವಿನ ಗಿಡ ಬಾಡುತ್ತದೆ, ನೀರು ಹೆಚ್ಚಾಗಿ ಬೇರು ಕೊಳೆತರೂ ಬಾಡುತ್ತದೆ. ನೋಡಲು ಎರಡೂ ಒಂದೇ. ಇಷ್ಟು ಸಣ್ಣ ವಿಷಯ ನನ್ನ ಭಾವನ ತಲೆಗೆ ಹತ್ತಲೇ ಇಲ್ಲ. ಗಡಿಯಾರ ರಿಪೇರಿ ಮಾಡುವವರು. ಕೂದಲೆಳೆಯಂಥ ಸ್ಪ್ರಿಂಗನ್ನೂ ಕೈ ನಡುಗದೆ ಕೂರಿಸುತ್ತಾರೆ. ಒಂದು ಚೆಂಬು ನೀರಿನ ಅಳತೆ ಮಾತ್ರ ಗೊತ್ತಾಗಲಿಲ್ಲ.

ಹಿತ್ತಲಿನ ಕುಂಡಗಳಿಗೆಲ್ಲ ಬೀಜ ಹಾಕಿದವಳು ಅಕ್ಕ. ಸಸಿ ಎರಡೆಲೆ ಬಿಡುವಷ್ಟರಲ್ಲಿ ಅವಳನ್ನು ಆಸ್ಪತ್ರೆಗೆ ಸೇರಿಸಿದೆವು. ಮೊದಲ ಮೊಗ್ಗು ಬಂದಾಗ ಅವಳು ಬದುಕಿರಲಿಲ್ಲ. ಅವಳ ಕೈಯಿಂದ ಹುಟ್ಟಿ ಇನ್ನೂ ಜೀವಂತವಾಗಿದ್ದುದು ಆ ಗಿಡಗಳಷ್ಟೇ. ಅವು ಬೀಜ ಕಟ್ಟಲಿ, ಮುಂದಿನ ವರ್ಷವೂ ಬಿತ್ತೋಣ ಎಂದು ನನಗೆ ಹುಚ್ಚು ಆಸೆ. ಹೊಲಿಗೆ ಮಿಷನ್ನಿನಲ್ಲಿ ಬಟ್ಟೆ ಅರ್ಧಕ್ಕೇ ಬಿಟ್ಟು ದಿನಾ ಭಾವನ ಮನೆಗೆ ಓಡಿ ಬರುತ್ತಿದ್ದೆ.

ಬಂದಾಗಲೆಲ್ಲ ಕುಂಡದಲ್ಲಿ ಕೆಸರು.

"ಭಾವ, ಮತ್ತೆ ಸುರಿದ್ರಾ?"

"ಸ್ವಲ್ಪಾನೇ. ಪಾಪ, ಬಾಡಿದ್ವು ಕಣೇ, ಮೆಣಸಿನಕಾಯಿ." ಅದು ಅಕ್ಕ ನನಗಿಟ್ಟ ಹೆಸರು.

"ಮಣ್ಣಲ್ಲಿ ಬೆರಳಿಟ್ಟು ನೋಡಿ, ಒಣಗಿದ್ರೆ ಮಾತ್ರ ನೀರು ಅಂತ ಎಷ್ಟು ಸಲ ಬಡ್ಕೊಳ್ಳಲಿ? ಕಿವಿಗೆ ಹತ್ತಿ ಇಟ್ಕೊಂಡಿದೀರಾ?"

ಅವರು ತಲೆಯಾಡಿಸುತ್ತಿದ್ದರು. ಮರುದಿನ ಅದೇ ರಾಮಾಯಣ. ಕೊನೆಗೆ ಚೆಂಬನ್ನೇ ಕಸಿದು ನನ್ನ ಚೀಲಕ್ಕೆ ಹಾಕಿಕೊಂಡೆ. ಅವರು ಲೋಟದಲ್ಲಿ ಹಾಕಿದರು. ಲೋಟ ಬಚ್ಚಿಟ್ಟರೆ ಬೊಗಸೆಯಲ್ಲಿ ತಂದರು. ಎಲೆ ಹಳದಿಯಾಯಿತು, ಮಣ್ಣು ನಾರತೊಡಗಿತು. ಒಂದೊಂದೇ ಕುಂಡ ಹೋಗಿ ಒಂದು ಮಾತ್ರ ಉಳಿಯಿತು.

ಅದರಲ್ಲೊಂದು ನೇರಳೆ ಹೂ, ನಡುವೆ ಕಪ್ಪು ಮೀಸೆ. ಅಕ್ಕ ಇದ್ದಿದ್ದರೆ 'ನಿನ್ನ ಭಾವನ ಥರಾನೇ ಇದೆ ನೋಡೇ' ಎಂದು ನಗುತ್ತಿದ್ದಳು. ಇವತ್ತು ಬೆಳಿಗ್ಗೆ ಅದೂ ತಲೆ ಬಾಗಿಸಿತ್ತು. ಮೆಲ್ಲಗೆ ಮುಟ್ಟಿದೆ, ಇಡೀ ಗಿಡವೇ ಕೈಗೆ ಬಂತು. ಬೇರಿದ್ದ ಜಾಗದಲ್ಲಿ ಕಂದು ಲೋಳೆ.

ನನ್ನ ಪಿತ್ತ ನೆತ್ತಿಗೇರಿತು. "ಮುಗೀತು! ಅಕ್ಕಂದು ಅಂತ ಒಂದನ್ನೂ ಉಳಿಸ್ಲಿಲ್ಲ ನೀವು. ಹೇಳಿದ್ದು ಕೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಭಾವ ಮೆಟ್ಟಿಲ ಮೇಲೆ ಕುಸಿದು ಕೂತರು.

"ಒಂದ್ಸಲ ಹೇಳಿದ್ದು ಕೇಳಿದ್ದೆ ಕಣೇ," ಎಂದರು. "ಹೃದಯ ಸೋತಿದೆ, ನೀರು ಹೆಚ್ಚಾದ್ರೆ ಉಸಿರು ಕಟ್ಟುತ್ತೆ, ಕೊಡಲೇಬೇಡಿ ಅಂದ್ರು ಡಾಕ್ಟರು. ಕೊನೇ ದಿನ ಅವಳು ಒಣಗಿದ ತುಟೀಲಿ ಕೇಳಿದ್ಲು, 'ರೀ, ಒಂದೇ ಒಂದು ಲೋಟ' ಅಂತ. ನಾನು ಕೊಡ್ಲಿಲ್ಲ. ನೀರಿನ ಬಾಟ್ಲೀನ ಅವಳ ಕೈಗೆ ಸಿಗದ ಹಾಗೆ ದೂರ ಇಟ್ಟೆ. ಹಾಗಾದ್ರೂ ಬದುಕ್ತಾಳೆ ಅಂತ."

ಅಯ್ಯೋ ದೇವರೇ, ಇಷ್ಟು ದಿನ ನಾನು ಬೈದದ್ದು ಯಾರಿಗೆ!

ಅವರು ಎದ್ದು ಬಂದು ಗಿಡವನ್ನು ನನ್ನ ಕೈಯಿಂದ ತೆಗೆದುಕೊಂಡರು. ಅದನ್ನು ಮತ್ತೆ ಕುಂಡದಲ್ಲಿ ನಿಲ್ಲಿಸಿ ಸುತ್ತ ಮಣ್ಣು ಒತ್ತಿದರು. ನಲ್ಲಿಯ ಕಡೆ ನೋಡಿದರು, ಆಮೇಲೆ ಅಂಜುತ್ತಾ ನನ್ನ ಮುಖ ನೋಡಿದರು.

ಅದು ಸತ್ತಿದೆ ಎನ್ನಲು ನನಗೆ ನಾಲಿಗೆ ಹೊರಳಲಿಲ್ಲ. ಚೀಲದಿಂದ ಚೆಂಬು ತೆಗೆದು, ತುಂಬಿಸಿ, ಅವರ ಕೈಗೆ ಕೊಟ್ಟೆ.

"ಹಾಕಿ ಭಾವ," ಎಂದೆ. "ಅವಳಿಗೆ ಎಷ್ಟು ಬೇಕೋ ಅಷ್ಟು ಹಾಕಿ."