ಕೂಸಿನ ಹೊತ್ತು

ಆ ಬೆಳಿಗ್ಗೆ ಮೋಡ ಮನೆಗಳ ಸೂರಿನ ಮೇಲೇ ಬಂದು ಕೂತಿತ್ತು. ಮಳೆ ಸುರಿಯುತ್ತಲೂ ಇರಲಿಲ್ಲ, ಬಿಡುತ್ತಲೂ ಇರಲಿಲ್ಲ; ಮೇಲೆ ಯಾರೋ ಜರಡಿ ಹಿಡಿದ ಹಾಗೆ ಹಿಟ್ಟಿನಂಥ ಹನಿ ಇಳಿಯುತ್ತಿತ್ತು. ಊರಿಗೆಲ್ಲ ಕೊಡೆ ಹೊಲಿಯುವ ಹೆಂಗಸರು ತಲೆಗೆ ಕೈ ಅಡ್ಡ ಹಿಡಿದುಕೊಂಡು, ನೆನೆದುಕೊಂಡೇ, ಕಾರ್ಖಾನೆಯ ಮೆಟ್ಟಿಲು ಹತ್ತಿದರು.

"ನಮ್ಮ ಹಣೆಬರಹ ನೋಡ್ರೇ. ಜೇನು ಕಟ್ಟೋದು ನೊಣ, ನೆಕ್ಕೋರು ಇನ್ಯಾರೋ" ಎಂದಳು ಹಿಡಿಕೆ ಕೂರಿಸುವವಳು, ಕೂದಲು ಹಿಂಡಿಕೊಳ್ಳುತ್ತ. ಎಲ್ಲರೂ ನಕ್ಕರು. ಗುಬ್ಬಕ್ಕ ಮಾತ್ರ ನಗಲಿಲ್ಲ. ಕಿಟಕಿಯ ಪಕ್ಕದ ತನ್ನ ಜಾಗದಲ್ಲಿ ಕೂತು, ಸೂಜಿಗೆ ದಾರ ಪೋಣಿಸಿ, ಮತ್ತೆ ದಾರ ಎಳೆದು ತೆಗೆದು, ಪಕ್ಕದಲ್ಲಿದ್ದ ನ್ಯಾಯದಮ್ಮನ ಕಡೆ ತಿರುಗಿದಳು.

"ನಿನ್ನ ಹತ್ರ ಒಂದು ಕೇಳ್ಬೇಕು ತಾಯಿ. ಇಲ್ಲ ಅಂದ್ರೂ ಬೇಜಾರಿಲ್ಲ."

"ಕೇಳು ಗುಬ್ಬಕ್ಕ."

"ನಂಗೂ ಕೂಸಿನ ಹೊತ್ತು ಬೇಕು."

ನ್ಯಾಯದಮ್ಮನ ಕೈಯಲ್ಲಿದ್ದ ಕತ್ತರಿ ಬಟ್ಟೆಯ ಮೇಲೆ ಹಾಗೇ ನಿಂತಿತು.

ಆ ಕಾರ್ಖಾನೆಯಲ್ಲಿ ಒಂದು ಹಳೆಯ ಪದ್ಧತಿ ಉಂಟು. ಎಳೆಯ ಮಕ್ಕಳಿರುವ ತಾಯಿ ಮಧ್ಯಾಹ್ನದ ಊಟವಾದ ಮೇಲೆ ಒಂದಿಷ್ಟು ಹೊತ್ತು ಮನೆಗೆ ಹೋಗಿ ಕೂಸಿಗೆ ಹಾಲೂಡಿಸಿ ಬರಬಹುದು. ಅವಳು ಅರ್ಧ ಹೊಲಿದ ಕೊಡೆಯನ್ನು ಪಕ್ಕದವಳು ತನ್ನ ತೊಡೆಗೆ ಎಳೆದುಕೊಂಡು ಮುಗಿಸುತ್ತಾಳೆ. ಸಂಜೆ ಕೊಡೆಗಳು ಕಡಿಮೆ ಬೀಳದಿದ್ದರೆ ಸಾಹುಕಾರರು ಕೇಳುವುದಿಲ್ಲ. ಯಾರಿಗೆ ಆ ಹೊತ್ತು ಸಲ್ಲಬೇಕು ಎನ್ನುವುದನ್ನು ಹೆಂಗಸರೇ ಕೂತು ತೀರ್ಮಾನಿಸುತ್ತಾರೆ. ಅವರಲ್ಲಿ ಕಡೆಯ ಮಾತು ನ್ಯಾಯದಮ್ಮನದು. ನಲವತ್ತರ ಹೊಸ್ತಿಲಲ್ಲಿ ದೇವರು ಕಣ್ಣು ಬಿಟ್ಟು ಅವಳಿಗೂ ಒಂದು ಹೆಣ್ಣು ಕೂಸು ಕೊಟ್ಟಿದ್ದ. ಕೂಸಿಗೆ ಹಾಲೂಡಿಸಲು ಅವಳು ದಿನವೂ ಮನೆಗೆ ಹೋದಾಗ ಅವಳ ಕೊಡೆ ಗುಬ್ಬಕ್ಕನ ತೊಡೆಗೆ ಬರುತ್ತಿತ್ತು. ಗುಬ್ಬಕ್ಕನಿಗೆ ಗಂಡನಿಲ್ಲ, ಮಕ್ಕಳಿಲ್ಲ. ಇದ್ದದ್ದು ಒಂದು ಮುದಿ ನಾಯಿ. ಹೆಸರು ದೊರೆ.

"ದೊರೆಗಾ?" ಎಂದಳು ನ್ಯಾಯದಮ್ಮ.

"ಕಣ್ಣು ಹೋಗಿ ವರ್ಷ ಆಯ್ತು. ಈಗ ಕಿವೀನೂ ಹೋಯ್ತು. ಒಟ್ಟಿಗೆ ತಿಂದ್ರೆ ವಾಂತಿ ಮಾಡುತ್ತೆ, ಸ್ವಲ್ಪ ಸ್ವಲ್ಪಾನೇ ನಾಲ್ಕು ಸಲ ಕೊಡಿ ಅಂದ್ರು ಡಾಕ್ಟರು. ಪಕ್ಕದ ಮನೆಯೋರು ಕೊಡೋಕೆ ಹೋದ್ರೆ ಹಲ್ಲು ಕಚ್ಚಿ ಹಿಡಿಯುತ್ತೆ. ಬೆಳಿಗ್ಗೆಯಿಂದ ಸಂಜೆ ತನಕ ಬರೀ ಹೊಟ್ಟೇಲಿ ಬಿದ್ದಿರುತ್ತೆ. ಹೀಗೇ ಆದ್ರೆ ಈ ತಿಂಗಳು ದಾಟಲ್ಲ." ಗುಬ್ಬಕ್ಕ ಇಷ್ಟು ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ.

ಮಾತು ಒಬ್ಬಳ ಬಾಯಿಂದ ಇನ್ನೊಬ್ಬಳ ಕಿವಿಗೆ ಹೋಗಿ, ಊಟದ ಹೊತ್ತಿಗೆ ಇಡೀ ಕಾರ್ಖಾನೆ ಸುತ್ತಿ ಬಂದಿತ್ತು. ಮೇಸ್ತ್ರಿಯೂ ಬಾಗಿಲಲ್ಲಿ ಇಣುಕಿ, "ಏನಮ್ಮಾ, ಇವತ್ತು ನಾಯಿಗೆ, ನಾಳೆ ಬೆಕ್ಕಿಗೆ. ನಮ್ಮನೇಲಿ ತಿಗಣೆ ಬಹಳ ಇದಾವೆ, ರಕ್ತ ಕೊಟ್ಟು ಸಾಕಿದೀನಿ, ನಂಗೂ ಒಂದು ಹೊತ್ತು ಕೊಡಿಸ್ರಿ" ಎಂದು ಹೋದ.

"ಹೆತ್ತೋರಿಗೆ ಹೆಗ್ಗಣ ಮುದ್ದು ಅಂತಾರೆ. ನಮ್ಮ ಗುಬ್ಬಕ್ಕಂಗೆ ಹೆರದೇನೇ ನಾಯಿ ಮುದ್ದು" ಎಂದಳು ಹಿಡಿಕೆಯವಳು. ಗುಬ್ಬಕ್ಕನೂ ನಕ್ಕಳು. ನಕ್ಕರೂ ಬುತ್ತಿಯ ಮುಚ್ಚಳ ತೆಗೆಯಲಿಲ್ಲ.

ನ್ಯಾಯದಮ್ಮ ಕೈ ತೊಳೆದು ಬಂದು ನಡುವೆ ಕೂತಳು.

"ನಗಬೇಡ್ರೇ. ಇದು ನಗೋ ಮಾತಲ್ಲ. ಗುಬ್ಬಕ್ಕ, ನಿನ್ನ ಸಂಕಟ ಸುಳ್ಳು ಅಂತ ನಾನು ಹೇಳಲ್ಲ. ಆದ್ರೆ ಈ ಹೊತ್ತು ಎಲ್ಲಿಂದ ಬಂತು ಅಂತ ನಿಂಗೂ ಗೊತ್ತು. ನಮ್ಮಮ್ಮ ಇದೇ ಕಿಟಕಿ ಹತ್ರ ಕೂತು ಹೊಲಿಯೋಳು. ಮನೇಲಿ ನಮ್ಮಣ್ಣ, ನಾಲ್ಕು ತಿಂಗಳ ಕೂಸು, ಜ್ವರ ಬಂದು ಹಾಲಿಗೆ ಅತ್ತೂ ಅತ್ತೂ ಹೋಗ್ಬಿಟ್ಟ. ನಮ್ಮಮ್ಮ ಸಂಜೆ ಹೋಗಿ ನೋಡಿದ್ಳು. ಆಮೇಲೆ ತಾನೇ ಎಲ್ಲರೂ ಸೂಜಿ ಕೆಳಗಿಟ್ಟು, ಕೆಲಸ ನಿಲ್ಲಿಸಿ ಕೂತಿದ್ದು? ಆ ಜೀವ ಕೊಟ್ಟು ತಂದ ಹೊತ್ತು ಇದು. ನಾಯಿಗೂ ಸಿಗುತ್ತೆ ಅಂದ್ರೆ ಸಾಹುಕಾರರು ನಾಳೆ ಏನಂತಾರೆ? ಇವರಿಗೆ ಇದೊಂದು ಆಟ ಆಗಿದೆ, ಯಾರಿಗೂ ಬೇಡ ಅಂತಾರೆ. ಆಗ ಎಷ್ಟು ಕೂಸು ಅಳಬೇಕು?"

ಮಾತು ನಿಜವಾಗಿತ್ತು. ನಿಜದ ಮಾತಿಗೂ ಭಾರ ಇರುತ್ತದೆ. ಕೂತವರೆಲ್ಲ ಒಂದಿಷ್ಟು ತಗ್ಗಿದರು.

ಎಲ್ಲರಿಗಿಂತ ಹಿರಿಯಳಾದ, ಈಗ ಬರೀ ಗುಂಡಿ ಹಾಕುವ ಅಜ್ಜಿ ಮೂಲೆಯಿಂದ ಗುಬ್ಬಕ್ಕನ ಕಡೆ ಕೈ ತೋರಿಸಿ ಹೇಳಿದಳು: "ಅವತ್ತು ಸೂಜಿ ಕೆಳಗಿಟ್ಟೋರಲ್ಲಿ ಇವಳೂ ಇದ್ಳು ಮಗಾ. ಹದಿನೈದರ ಹುಡುಗಿ. ಮದ್ವೆ ಇಲ್ಲ, ಮಗು ಇಲ್ಲ. ನಿಂಗ್ಯಾಕೆ ಇದೆಲ್ಲ ಅಂತ ಮೇಸ್ತ್ರಿ ಗದರಿದ್ರೂ ಏಳಲಿಲ್ಲ."

"ಅದು ಬಿಡಜ್ಜಿ" ಎಂದಳು ಗುಬ್ಬಕ್ಕ, ಮುಖ ಕೆಂಪಾಗಿ. "ನ್ಯಾಯದಮ್ಮ ಹೇಳಿದ್ದು ಸರಿ. ಆಯ್ತು ತಾಯಿ." ಅಷ್ಟು ಹೇಳಿ ಎದ್ದು ಹೋಗಿ ತನ್ನ ಜಾಗದಲ್ಲಿ ಕೂತಳು. ನ್ಯಾಯದಮ್ಮ ಮನೆಗೆ ಹೊರಟಾಗ ಎಂದಿನಂತೆಯೇ ಅವಳ ಕೊಡೆಯನ್ನು ತನ್ನ ತೊಡೆಗೆ ಎಳೆದುಕೊಂಡಳು.

ಕೂಸಿಗೆ ಹಾಲೂಡಿಸಿ ಬಂದ ನ್ಯಾಯದಮ್ಮನಿಗೆ ಆ ಮಧ್ಯಾಹ್ನ ಕೆಲಸ ಹತ್ತಲಿಲ್ಲ. ತಾನು ಹೊಲಿದ ಕೊಡೆ ಬಿಚ್ಚಿ ನೋಡಿದರೆ ಬಟ್ಟೆಯ ಒಂದು ಎಸಳು ಒಳಮೈ ಹೊರಗಾಗಿ ಕೂತಿತ್ತು. ಹೊಸಬರೂ ಮಾಡದ ತಪ್ಪು. ಅವಳು ನೋಡುತ್ತ ಕೂತಿರುವಾಗಲೇ ಪಕ್ಕದಿಂದ ಒಂದು ಕೈ ಬಂದು ಕೊಡೆಯನ್ನು ತೆಗೆದುಕೊಂಡಿತು. ಗುಬ್ಬಕ್ಕ ಮೇಸ್ತ್ರಿಗೆ ಕಾಣದಂತೆ ಬೆನ್ನು ತಿರುಗಿಸಿ ಹೊಲಿಗೆ ಬಿಚ್ಚಿ, ಎಸಳು ಮಗುಚಿ, ಮತ್ತೆ ಹೊಲಿದು ವಾಪಸು ಇಟ್ಟಳು. ಅವಳ ಮುಖದಲ್ಲಿ ಕೋಪವೂ ಇರಲಿಲ್ಲ, ಉಪಕಾರ ಮಾಡಿದ ಗತ್ತೂ ಇರಲಿಲ್ಲ.

"ಸಂಜೆ ನಿನ್ನ ಮನೆಗೆ ಬರ್ತೀನಿ" ಎಂದಳು ನ್ಯಾಯದಮ್ಮ. "ನೋಡದೇ ತೀರ್ಪು ಹೇಳಿಬಿಟ್ಟೆ. ನಮ್ಮಮ್ಮ ಇದ್ದಿದ್ರೆ ಉಗೀತಿದ್ಳು."

"ನೋಡೋಕೆ ಏನಿದೆ? ಒಂದು ಮುದಿ ನಾಯಿ."

"ಇರಲಿ."

ಗುಬ್ಬಕ್ಕನ ಕೋಣೆ ಓಣಿಯ ಕೊನೆಯಲ್ಲಿ, ಒಂದು ಮಹಡಿಯ ಮೇಲೆ. ಒಳಗೆ ಒಂದು ಮಂಚ, ಒಂದು ಒಲೆ, ಗೋಡೆಯ ಗೂಡಿನಲ್ಲಿ ಎಣ್ಣೆ ಆರಿದ ದೀಪ. ಮಂಚದ ಪಕ್ಕ ಕೊಡೆಯ ಬಟ್ಟೆಯ ಚೂರುಗಳನ್ನು ಒಟ್ಟು ಹೊಲಿದ ಹಾಸಿಗೆ. ಅದರ ಮೇಲೆ ದೊರೆ. ಒಂದು ಕಾಲಕ್ಕೆ ಕಂದು ಬಣ್ಣವಿದ್ದಿರಬೇಕು. ಈಗ ಮೂತಿ ಬೆಳ್ಳಗಾಗಿ, ಪಕ್ಕೆಲುಬುಗಳು ಬಟ್ಟೆ ಹೊದಿಸದ ಕೊಡೆಯ ಕಡ್ಡಿಗಳಂತೆ ಕಾಣುತ್ತಿದ್ದವು. ಇಬ್ಬರು ಒಳಗೆ ಬಂದದ್ದು ಅದಕ್ಕೆ ತಿಳಿಯಲಿಲ್ಲ. ಸತ್ತೇಹೋಗಿದೆಯೇನೋ ಎಂದು ನ್ಯಾಯದಮ್ಮ ಬಗ್ಗಿ ನೋಡಿದಳು.

ಗುಬ್ಬಕ್ಕ ಅದನ್ನು ಕರೆಯಲಿಲ್ಲ, ತಟ್ಟಲಿಲ್ಲ. ಹಾಲಲ್ಲಿ ನೆನೆಸಿದ ಬ್ರೆಡ್ಡಿನ ಬಟ್ಟಲು ಪಕ್ಕಕ್ಕಿಟ್ಟುಕೊಂಡು ನೆಲದ ಮೇಲೆ ಕೂತಳು. ಎರಡೂ ಕೈಯಿಂದ ನಾಯಿಯ ತಲೆ ಎತ್ತಿ, ಅದರ ಹಣೆಯನ್ನು ತನ್ನ ಗಂಟಲ ಗುಳಿಗೆ ಒತ್ತಿಟ್ಟುಕೊಂಡಳು. ಆಮೇಲೆ ಗುನುಗತೊಡಗಿದಳು. ಅದು ಹಾಡಲ್ಲ. ಒಂದೇ ಸ್ವರ, ತಗ್ಗಿನಲ್ಲಿ. ಜೇನುಗೂಡಿಗೆ ಕಿವಿಯಿಟ್ಟರೆ ಕೇಳುವಂಥದ್ದು.

ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ನಿಂತ ನೀರಿಗೆ ಮೊದಲ ಗಾಳಿ ತಾಗಿದ ಹಾಗೆ, ನಾಯಿಯ ಮೂಗಿನ ತುದಿಯಿಂದ ಬೆನ್ನಿನುದ್ದಕ್ಕೂ ಒಂದು ನಡುಕ ಹರಿದುಹೋಯಿತು. ಕೇಳದ ಕಿವಿಗಳು ನಿಮಿರಿದವು. ಕಾಣದ ಕಣ್ಣುಗಳು ತೆರೆದವು. ಬಾಲ ನೆಲಕ್ಕೆ ಒಮ್ಮೆ ಬಡಿಯಿತು. ಬಾಯಿ ತಾನಾಗಿ ಬಿಚ್ಚಿತು. ಗುಬ್ಬಕ್ಕ ಗುನುಗು ನಿಲ್ಲಿಸದೆ ಬೆರಳ ತುದಿಯಲ್ಲಿ ಒಂದೊಂದೇ ತುತ್ತು ಇಟ್ಟಳು.

ನ್ಯಾಯದಮ್ಮ ತನಗೆ ಗೊತ್ತಿಲ್ಲದೆಯೇ ಚಪ್ಪಲಿ ಬಿಟ್ಟಿದ್ದಳು.

ನಡುವೆ ಗುಬ್ಬಕ್ಕನಿಗೆ ಕೆಮ್ಮು ಬಂತು. ಸ್ವರ ತುಂಡಾದದ್ದೇ ನಾಯಿಯ ಬಾಯಿ ಮುಚ್ಚಿತು. ಕೆಮ್ಮು ನಿಲ್ಲಲಿಲ್ಲ. "ನಾನು ನೋಡಲಾ?" ಎಂದಳು ನ್ಯಾಯದಮ್ಮ. ಗುಬ್ಬಕ್ಕ ಕೆಮ್ಮುತ್ತಲೇ ಸರಿದು ಜಾಗ ಬಿಟ್ಟಳು.

ಆ ತಲೆ ಅಷ್ಟು ಹಗುರವಾಗಿದ್ದೀತೆಂದು ನ್ಯಾಯದಮ್ಮ ಎಣಿಸಿರಲಿಲ್ಲ. ಬೆಚ್ಚಗಿನ ಹಣೆಯನ್ನು ಗಂಟಲಿಗೆ ಒತ್ತಿಕೊಂಡಳು. ಏನು ಗುನುಗಬೇಕೋ ತಿಳಿಯದೆ, ತನ್ನ ಕೂಸಿಗೆ ಗುನುಗುವುದನ್ನೇ ಗುನುಗಿದಳು. ನಾಯಿ ಉಸಿರು ಬಿಗಿಹಿಡಿಯಿತು. ಹೊರಗಿನ ಓಣಿ, ಹನಿಯ ಸದ್ದು, ಎಲ್ಲ ದೂರ ಸರಿದವು. ಮುಚ್ಚಿದ ಬಾಗಿಲಿನ ಆಚೆ ಯಾರೋ ಕಿವಿಯಿಟ್ಟು ನಿಂತಿದ್ದಾರೆ ಎಂದು ಅವಳಿಗೆ ಅನ್ನಿಸಿತು. ಬೆಳಕಿಲ್ಲದ, ಸದ್ದಿಲ್ಲದ ಅಷ್ಟು ದೊಡ್ಡ ಕತ್ತಲೆಯಲ್ಲಿ ಒಂದು ಜೀವ, ಇಡೀ ಮೈಯನ್ನೇ ಕಿವಿ ಮಾಡಿಕೊಂಡು, ಬಂದವರು ಯಾರೆಂದು ಕೇಳುತ್ತಿದೆ. ಹುಟ್ಟಿಸಿದವನು ಈ ಪುಟ್ಟ ತಲೆಬುರುಡೆಯೊಳಗೆ ಇಷ್ಟು ಆಳ ಎಲ್ಲಿ ಇಟ್ಟನಪ್ಪಾ ಎಂದುಕೊಂಡಳು. ದೇವರ ಮುಂದೆ ನಿಂತಾಗಲೂ ಅವಳಿಗೆ ಮಾತು ಹೀಗೆ ಬತ್ತಿಹೋದದ್ದಿಲ್ಲ.

ಆದರೆ ನಾಯಿ ಬಾಯಿ ಬಿಡಲಿಲ್ಲ. ದೀರ್ಘವಾಗಿ ಒಮ್ಮೆ ಉಸಿರುಬಿಟ್ಟು, ಮುಖ ತಿರುಗಿಸಿ, ಗಾಳಿಯಲ್ಲಿ ಮೂತಿ ಆಡಿಸುತ್ತ ಗುಬ್ಬಕ್ಕನನ್ನು ಹುಡುಕಿತು. ಮನೆಯಲ್ಲಿ ಅತ್ತೆ ಹಿಡಿದ ಹಾಲಿನ ಬಾಟಲಿಗೆ ನ್ಯಾಯದಮ್ಮನ ಕೂಸು ಮುಖ ತಿರುಗಿಸುವುದೂ ಹೀಗೆಯೇ.

"ಬಾರೋ ಹಠಮಾರಿ" ಎಂದು ಗುಬ್ಬಕ್ಕ ಅದನ್ನು ಎಳೆದುಕೊಂಡಳು. "ನೋಡಿದ್ಯಾ ಇವನ ದೌಲತ್ತು? ಮನೆಗೆ ಬಂದೋರ ಮುಂದೆ ಮಾನ ಕಳೀತಾನೆ."

ನ್ಯಾಯದಮ್ಮ ಬಟ್ಟಲು ಹಿಡಿದು ಕೂತಳು. ದೊರೆಯ ಊಟ ಮುಗಿದ ಮೇಲೆ ಬಟ್ಟಲು ತೊಳೆದಿಟ್ಟು, ಗೂಡಿನ ದೀಪಕ್ಕೆ ಎಣ್ಣೆ ಹಾಕಿ ಹಚ್ಚಿದಳು. ತೀರ್ಪಿನ ಮಾತನ್ನು ಇಬ್ಬರೂ ಎತ್ತಲಿಲ್ಲ.

ಮರುದಿನ ಬಿಸಿಲು ಬಂತು. ಮಧ್ಯಾಹ್ನ ನ್ಯಾಯದಮ್ಮ ಮನೆಗೆ ಹೋದವಳು ಬೇಗನೇ ಮರಳಿದಳು, ಏದುಸಿರು ಬಿಡುತ್ತಿದ್ದಳು. ಗುಬ್ಬಕ್ಕ ಅವಳ ಕೊಡೆ ಮುಗಿಸಿಟ್ಟು ತನ್ನದಕ್ಕೆ ಕೈ ಹಾಕಿದ್ದಳು. ನಾಲ್ಕನೆಯ ಎಸಳಿನ ನಡುವೆ ಸೂಜಿ ನಿಂತಿತ್ತು. ನ್ಯಾಯದಮ್ಮ ಕೂತು, ಆ ಕೊಡೆಯನ್ನು ಸೂಜಿ ಸಮೇತ ತನ್ನ ತೊಡೆಗೆ ಎಳೆದುಕೊಂಡಳು.

ಹಿಡಿಕೆಯವಳು ಕತ್ತೆತ್ತಿದಳು. "ಏನಮ್ಮಾ, ತೀರ್ಪು ಮಗುಚಿಬಿತ್ತಾ? ನಾಯಿಗೂ ಕೂಸಿನ ಹೊತ್ತಾ?"

"ಕೂಸಿನ ಹೊತ್ತು ಕೂಸಿಗೇ. ನಿನ್ನೆ ಹೇಳಿದ್ದರಲ್ಲಿ ಒಂದಕ್ಷರ ಬದಲಿಲ್ಲ."

"ಮತ್ತಿದು?"

"ಒಂದು ವರ್ಷದಿಂದ ನನ್ನ ಕೊಡೆ ಯಾರು ಹೊಲೀತಿದಾರೆ ಅಂತ ನಿಂಗೆ ಗೊತ್ತಿಲ್ವಾ? ನಿನ್ನ ಮಗ ಚಿಕ್ಕವನಿದ್ದಾಗ ನಿಂದು ಯಾರು ನೋಡ್ಕೊಂಡ್ರು? ಮೇಸ್ತ್ರಿ ಕೇಳಿದ್ರೆ ನನ್ನ ಹತ್ರ ಕಳಿಸು."

ಹಿಡಿಕೆಯವಳು ತನ್ನ ಕೈಯಲ್ಲಿದ್ದ ಹಿಡಿಕೆಯನ್ನು ನೋಡಿಕೊಂಡಳು. ಆಮೇಲೆ ಕೂತಲ್ಲಿಂದಲೇ ಕಾಲು ಮಡಚಿ, ಗುಬ್ಬಕ್ಕ ಹಾದುಹೋಗಲು ದಾರಿ ಬಿಟ್ಟಳು.

ಗುಬ್ಬಕ್ಕ ಎದ್ದು ನಿಂತಿದ್ದಳು. ಇಷ್ಟು ವರ್ಷಗಳಲ್ಲಿ ಆ ಹೊತ್ತಿಗೆ ಅವಳ ಕೈ ಖಾಲಿ ಇದ್ದದ್ದೇ ಇಲ್ಲ. ಎಲ್ಲಿಡಬೇಕೆಂದು ತಿಳಿಯದೆ ಎರಡನ್ನೂ ಒಂದಕ್ಕೊಂದು ಹಿಡಿದುಕೊಂಡಳು. ನ್ಯಾಯದಮ್ಮ ಆಗಲೇ ತಲೆ ತಗ್ಗಿಸಿ, ನಿಂತಿದ್ದ ಸೂಜಿಯನ್ನು ಎಳೆದು, ಮುಂದಿನ ಹೊಲಿಗೆ ಹಾಕುತ್ತಿದ್ದಳು. ಮೆಟ್ಟಿಲ ಮೇಲೆ ಗುಬ್ಬಕ್ಕನ ಹೆಜ್ಜೆಯ ಸದ್ದು ಮೊದಲು ನಿಧಾನವಾಗಿ, ಆಮೇಲೆ ಬೇಗ ಬೇಗ ಇಳಿದುಹೋಯಿತು.